22 ಡಿಗ್ರಿಯ ವಿಮರ್ಶೆ, 42 ಡಿಗ್ರಿಯ ಊರು

ಕಂಪ್ಯೂಟರ್ ಜೋಡಿಸುವವರ ಮಾತಿನಲ್ಲಿ ಸಣ್ಣ ಕ್ಯಾಬಿನೆಟ್ ಎಂದರೆ 20 ಲೀಟರಿಗಿಂತ ಕಡಿಮೆ ಗಾತ್ರದ ಪೆಟ್ಟಿಗೆ. ಮೇಜಿನ ಕೆಳಗೆ ನಿಲ್ಲುವ ಮಾಮೂಲಿ ಟವರ್ ಇದರ ಎರಡು-ಮೂರು ಪಟ್ಟು ಇರುತ್ತದೆ. ತೈವಾನಿನ ವಿಐಎ ಕಂಪನಿ 2001ರಲ್ಲಿ 170 ಮಿಲಿಮೀಟರ್ ಚೌಕದ ಮಿನಿ-ಐಟಿಎಕ್ಸ್ ಮದರ್‌ಬೋರ್ಡನ್ನು ತಂದ ಮೇಲೆ ಇಂಥ ಪೆಟ್ಟಿಗೆಗಳಿಗೆ ದಾರಿಯಾಯಿತು. ಇಂಟೆಲ್ 1995ರಲ್ಲಿ ರೂಪಿಸಿದ ಎಟಿಎಕ್ಸ್ ಬೋರ್ಡಿನ ಅಳತೆ 305 × 244 ಮಿಲಿಮೀಟರ್. ಮಿನಿ-ಐಟಿಎಕ್ಸ್ ಅದರ ಐದರಲ್ಲಿ ಎರಡು ಪಾಲು ಜಾಗದಲ್ಲಿ ಮುಗಿಯುತ್ತದೆ. ಆದರೆ ಬೋರ್ಡು ಕುಗ್ಗಿದಷ್ಟು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನ ಬಿಸಿ ಕುಗ್ಗಲಿಲ್ಲ. ಸಣ್ಣ ಕ್ಯಾಬಿನೆಟ್ಟಿನ ಎಲ್ಲ ತಾಪತ್ರಯ ಹುಟ್ಟುವುದು ಇಲ್ಲಿಂದ. ಅದರ ವಿಮರ್ಶೆಯಲ್ಲಿ ನಡೆಯುವ ಅನ್ಯಾಯಗಳ ಮೂಲವೂ ಬಹುಪಾಲು ಇದೇ.

ಹೈದರಾಬಾದಿನ ಮಾಧಾಪುರ, ಗಚ್ಚಿಬೌಲಿಗಳ ಬಾಡಿಗೆ ಫ್ಲ್ಯಾಟುಗಳಲ್ಲಿ, ಹಂಚಿಕೊಂಡ ಕೋಣೆಗಳಲ್ಲಿ ಇರುವವರಿಗೆ ಸಣ್ಣ ಕಂಪ್ಯೂಟರ್ ಬರೀ ಶೋಕಿಯಲ್ಲ. ಜಾಗ ಕಡಿಮೆ, ಮನೆ ಬದಲಾಯಿಸುವುದು ಹೆಚ್ಚು. ಬಿಡಿಭಾಗಗಳಿಗೆ ಹೈದರಾಬಾದಿನವರು ಹೋಗುವುದು ಸಿಕಂದರಾಬಾದಿನ ಪಾರ್ಕ್‌ಲೇನ್‌ನಲ್ಲಿರುವ ಚೆನಾಯ್ ಟ್ರೇಡ್ ಸೆಂಟರ್‌ಗೆ. ಊರಿನವರ ಬಾಯಲ್ಲಿ ಅದು ಸಿಟಿಸಿ. ಬೀದರ್, ಕಲಬುರಗಿ ಕಡೆಯವರಿಗೂ ಬೆಂಗಳೂರಿಗಿಂತ ಇದೇ ಹತ್ತಿರದ ಪೇಟೆ. ಆದರೆ ಅಲ್ಲಿಯ ಅಂಗಡಿಗಳ ಕಪಾಟಿನಲ್ಲಿ ಸಣ್ಣ ಕ್ಯಾಬಿನೆಟ್ಟಿನ ಎಲ್ಲ ಮಾದರಿಗಳೂ ಸಿಗುವುದಿಲ್ಲ, ಸಿಕ್ಕರೂ ಬಿಚ್ಚಿ, ಜೋಡಿಸಿ, ಓಡಿಸಿ ನೋಡಲು ಆಗುವುದಿಲ್ಲ. ಹಾಗಾಗಿ ಕೊಳ್ಳುವವರು ವಿಮರ್ಶೆಯನ್ನೇ ನೆಚ್ಚುತ್ತಾರೆ. ಆ ವಿಮರ್ಶೆ ನ್ಯಾಯವಾಗಿದೆಯೇ ಎಂದು ತೂಗಿ ನೋಡುವ ಕೆಲಸವೂ ಅವರ ಮೇಲೇ ಬೀಳುತ್ತದೆ.

ಮೊದಲು ತೂಗಬೇಕಾದದ್ದು ಲೀಟರಿನ ಲೆಕ್ಕ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ಲೆಕ್ಕ ಸುಲಭ, ಆದರೆ ಅಳತೆಯನ್ನು ಎಲ್ಲಿಂದ ಎಲ್ಲಿಯವರೆಗೆ ಹಿಡಿಯಬೇಕು ಎಂಬುದರಲ್ಲಿ ತಕರಾರಿದೆ. ಕೆಳಗಿನ ರಬ್ಬರ್ ಕಾಲು, ಹಿಂದೆ ಚಾಚಿದ ಸ್ಕ್ರೂ, ಮೇಲೆ ಸೇರಿಸಬಹುದಾದ ಟೋಪಿಯಂಥ ಹೆಚ್ಚುವರಿ ಭಾಗ ಇವನ್ನು ಒಂದು ಕಂಪನಿ ಲೆಕ್ಕಕ್ಕೆ ಹಿಡಿಯುತ್ತದೆ, ಇನ್ನೊಂದು ಬಿಡುತ್ತದೆ. 30 ಸೆಂಟಿಮೀಟರ್ ಉದ್ದ, 15 ಸೆಂಟಿಮೀಟರ್ ಅಗಲದ ಪೆಟ್ಟಿಗೆಗೆ 2 ಸೆಂಟಿಮೀಟರ್ ಎತ್ತರದ ಕಾಲಿದ್ದರೆ ಅದರಿಂದಲೇ 0.9 ಲೀಟರ್ ವ್ಯತ್ಯಾಸ ಬರುತ್ತದೆ. 8 ಲೀಟರಿನ ಕ್ಯಾಬಿನೆಟ್ಟಿನಲ್ಲಿ ಇದು ಸಣ್ಣ ಮೊತ್ತವಲ್ಲ. ತಯಾರಕರು ಬರೆದ ಅಂಕಿಯನ್ನೇ ನಕಲು ಮಾಡಿದ ವಿಮರ್ಶೆಗಿಂತ ಟೇಪು ಹಿಡಿದು ತಾನೇ ಅಳೆದ ವಿಮರ್ಶೆಗೆ ಬೆಲೆ ಹೆಚ್ಚು. ಕಂಪ್ಯೂಟರ್ ಬಳಕೆಯಲ್ಲಿದ್ದಾಗ ಕಾಲುಗಳೂ ಕೇಬಲ್ಲಿನ ತಿರುವೂ ಮೇಜಿನ ಮೇಲೆ ಜಾಗ ತಿನ್ನುತ್ತವೆ ಎಂಬುದನ್ನು ಹೇಳಿದ ವಿಮರ್ಶೆ ಇನ್ನೂ ಒಳ್ಳೆಯದು.

ಲೀಟರ್ ಒಂದನ್ನೇ ಹಿಡಿದು ಹೋಲಿಸುವುದೂ ತಪ್ಪು ದಾರಿಗೆಳೆಯುತ್ತದೆ. ಡ್ಯಾನ್ ಕೇಸಸ್‌ನ ಎ4-ಎಸ್‌ಎಫ್‌ಎಕ್ಸ್ 7.2 ಲೀಟರಿನದು, ಅದರಲ್ಲಿ ಪ್ರೊಸೆಸರ್ ಕೂಲರ್ 48 ಮಿಲಿಮೀಟರ್ ಎತ್ತರ ಮೀರುವಂತಿಲ್ಲ. 2020ರಲ್ಲಿ ಬಂದ ಕೂಲರ್ ಮಾಸ್ಟರ್ ಎನ್‌ಆರ್200 18.25 ಲೀಟರಿನದು, ಅದರಲ್ಲಿ ದೊಡ್ಡ ಕೂಲರ್, ನೀರಿನ ರೇಡಿಯೇಟರ್ ಎರಡಕ್ಕೂ ಎಡೆಯಿದೆ. ಎರಡೂ ‘ಸಣ್ಣ ಕ್ಯಾಬಿನೆಟ್’ ಎಂಬ ಒಂದೇ ಪಟ್ಟಿಗೆ ಸೇರುತ್ತವೆ. ಎನ್‌ಆರ್200 ಹತ್ತು ಡಿಗ್ರಿ ತಣ್ಣಗಿದೆ ಎಂಬ ಒಂದೇ ಕಾರಣಕ್ಕೆ ಎ4 ಸೋತಿತೆಂದು ತೀರ್ಪು ಕೊಡುವುದು ನ್ಯಾಯವಲ್ಲ, ಯಾಕೆಂದರೆ ಎನ್‌ಆರ್200ರ ಗಾತ್ರ ಎ4ರ ಎರಡೂವರೆ ಪಟ್ಟು. ಸಣ್ಣದು ಎಂಬ ನೆಪದಲ್ಲಿ ಎಲ್ಲ ದೋಷಗಳನ್ನೂ ಮನ್ನಿಸುವುದೂ ಅಷ್ಟೇ ಅನ್ಯಾಯ. ಅದೇ ಗಾತ್ರದ ಇನ್ನೊಂದು ಪೆಟ್ಟಿಗೆಯ ಜೊತೆಗೆ, ಹಾಗೂ ಅದೇ ಬಿಡಿಭಾಗಗಳನ್ನು ಪೆಟ್ಟಿಗೆಯೇ ಇಲ್ಲದೆ ಮೇಜಿನ ಮೇಲೆ ಬಿಚ್ಚಿಟ್ಟು ಓಡಿಸಿದಾಗಿನ ಅಂಕಿಯ ಜೊತೆಗೆ ಹೋಲಿಸಿದರೆ ಕ್ಯಾಬಿನೆಟ್ಟಿನ ಪಾಲು ಎಷ್ಟು ಎಂಬುದು ಗೊತ್ತಾಗುತ್ತದೆ. ಬಿಚ್ಚು ಮೇಜಿನ ಅಂಕಿ ಕೊಡುವ ವಿಮರ್ಶೆಗಳು ವಿರಳ, ಅದನ್ನು ಕೊಟ್ಟವರ ಶ್ರಮವನ್ನು ಗುರುತಿಸಬೇಕು.

ಪೆಟ್ಟಿಗೆಯೊಳಗೆ ಏನು ಕೂರಿಸಿದರು, ಹೇಗೆ ಕೂರಿಸಿದರು ಎಂಬುದು ಮುಂದಿನ ಪ್ರಶ್ನೆ. ಎನ್‌ಆರ್200ರ ದುಬಾರಿ ಮಾದರಿ ಎನ್‌ಆರ್200ಪಿಯ ಜೊತೆ ಗಾಜಿನ ಪಕ್ಕದ ಹಲಗೆಯೂ ಬರುತ್ತದೆ, ತೂತುಗಳಿರುವ ಉಕ್ಕಿನ ಹಲಗೆಯೂ ಬರುತ್ತದೆ. ಗಾಜು ಹಾಕಿ ಅಳೆದವರಿಗೂ ತೂತಿನ ಹಲಗೆ ಹಾಕಿ ಅಳೆದವರಿಗೂ ಬೇರೆ ಬೇರೆ ಅಂಕಿ ಬರುತ್ತದೆ, ಕ್ಯಾಬಿನೆಟ್ ಮಾತ್ರ ಒಂದೇ. 2023ರ ಫ್ರ್ಯಾಕ್ಟಲ್ ಡಿಸೈನ್ ಟೆರಾದಲ್ಲಿ ಇದು ಇನ್ನೂ ಸೂಕ್ಷ್ಮ. 10.4 ಲೀಟರಿನ ಆ ಪೆಟ್ಟಿಗೆಯ ನಡುವಿನ ಗೋಡೆ ಅತ್ತಿತ್ತ ಸರಿಯುತ್ತದೆ. ಗೋಡೆಯನ್ನು ಒಂದು ತುದಿಗೆ ಸರಿಸಿದರೆ ಪ್ರೊಸೆಸರ್ ಕೂಲರ್‌ಗೆ 77 ಮಿಲಿಮೀಟರ್ ಜಾಗ ಸಿಗುತ್ತದೆ, ಆದರೆ ಗ್ರಾಫಿಕ್ಸ್ ಕಾರ್ಡು ತೆಳುವಾಗಿರಬೇಕು. ಇನ್ನೊಂದು ತುದಿಗೆ ಸರಿಸಿದರೆ ದಪ್ಪ ಕಾರ್ಡು ಹಿಡಿಯುತ್ತದೆ, ಕೂಲರ್‌ಗೆ 48 ಮಿಲಿಮೀಟರೇ ಗತಿ. ಗೋಡೆ ಎಲ್ಲಿತ್ತು ಎಂಬುದನ್ನು ಹೇಳದೆ ‘ಟೆರಾದಲ್ಲಿ ಪ್ರೊಸೆಸರ್ ಬಿಸಿಯಾಗುತ್ತದೆ’ ಎಂದು ಬರೆದರೆ ಅದು ಅರ್ಧ ಮಾತು. ‘77 ಮಿಲಿಮೀಟರ್ ಕೂಲರ್ ಹಿಡಿಯುತ್ತದೆ, ಮೂರು ಸ್ಲಾಟಿನ ಕಾರ್ಡೂ ಹಿಡಿಯುತ್ತದೆ’ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೊಗಳಿದರೂ ಅರ್ಧ ಮಾತೇ, ಯಾಕೆಂದರೆ ಎರಡೂ ಒಟ್ಟಿಗೆ ಹಿಡಿಯುವುದಿಲ್ಲ.

ಫ್ಯಾನುಗಳ ವಿಷಯವೂ ಇದೇ. ಅನೇಕ ಸಣ್ಣ ಕ್ಯಾಬಿನೆಟ್‌ಗಳು ಫ್ಯಾನಿಲ್ಲದೆ ಬರುತ್ತವೆ. ವಿಮರ್ಶಕರು ತಮ್ಮಲ್ಲಿರುವ ದುಬಾರಿ ಫ್ಯಾನು ಹಾಕಿ ಅಳೆದು, ಅದರ ಹಣವನ್ನು ಬೆಲೆಯ ಲೆಕ್ಕದಲ್ಲಿ ಬಿಟ್ಟುಬಿಡುತ್ತಾರೆ. ಪ್ರೊಸೆಸರ್‌ಗೆ ಕೊಡುವ ವೋಲ್ಟೇಜನ್ನು ತಗ್ಗಿಸಿ ಬಿಸಿ ಇಳಿಸುವುದು ಸಣ್ಣ ಕಂಪ್ಯೂಟರ್ ಕಟ್ಟುವವರ ನಿತ್ಯದ ಅಭ್ಯಾಸ, ಅದರಲ್ಲಿ ತಪ್ಪೇನಿಲ್ಲ. ಅದನ್ನು ಮಾಡಿಯೂ ಹೇಳದಿರುವುದು ಮಾತ್ರ ಓದುಗರಿಗೆ ಬಗೆಯುವ ಮೋಸ.

ಹೈದರಾಬಾದಿನವರು ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಉಷ್ಣಾಂಶದ ಕೋಷ್ಟಕ. ಅಮೆರಿಕ, ಯೂರೋಪಿನ ವಿಮರ್ಶೆಗಳು ಬಹುತೇಕ 20ರಿಂದ 23 ಡಿಗ್ರಿಯ ಕೋಣೆಯಲ್ಲಿ ನಡೆಯುತ್ತವೆ. ಮೇ ತಿಂಗಳಲ್ಲಿ ಹೈದರಾಬಾದಿನ ಹೊರಗಿನ ಉಷ್ಣಾಂಶ 40 ದಾಟುವುದು ಮಾಮೂಲು, ಒಮ್ಮೊಮ್ಮೆ 42ಕ್ಕೂ ಏರುತ್ತದೆ. ಬಿಸಿಲಿಗೆ ಕಾದ ತಾರಸಿಯ ಕೆಳಗಿನ, ಎಸಿ ಇಲ್ಲದ ಕೋಣೆಯಲ್ಲಿ ಸಂಜೆ 36 ಡಿಗ್ರಿ ಇದ್ದರೆ ಯಾರಿಗೂ ಆಶ್ಚರ್ಯವಿಲ್ಲ.

ಲೆಕ್ಕಕ್ಕಾಗಿ ಒಂದು ಉದಾಹರಣೆ ಇಟ್ಟುಕೊಳ್ಳಬಹುದು. 22 ಡಿಗ್ರಿಯ ಕೋಣೆಯಲ್ಲಿ ಪ್ರೊಸೆಸರ್ 84 ಡಿಗ್ರಿಗೆ ಏರಿತು ಎಂದು ವಿಮರ್ಶೆ ಹೇಳುತ್ತದೆ. ಕೋಣೆಗಿಂತ 62 ಡಿಗ್ರಿ ಹೆಚ್ಚು ಎಂದಾಯಿತು. ಪ್ರೊಸೆಸರ್ ಅಷ್ಟೇ ವಿದ್ಯುತ್ ಬಳಸಿ, ಫ್ಯಾನು ಅಷ್ಟೇ ವೇಗದಲ್ಲಿ ತಿರುಗಿದರೆ ಈ 62 ಹೆಚ್ಚು ಕಡಿಮೆ ಹಾಗೇ ಉಳಿಯುತ್ತದೆ. 36 ಡಿಗ್ರಿಯ ಕೋಣೆಗೆ ಅದನ್ನು ಕೂಡಿಸಿದರೆ 98 ಆಗುತ್ತದೆ. ಎಎಂಡಿಯ ರೈಜನ್ 7000 ಸಾಲಿನ ಬಹುತೇಕ ಪ್ರೊಸೆಸರ್‌ಗಳ ಮಿತಿ 95. ಎಂದರೆ ಅಲ್ಲಿ ‘ಚೆನ್ನಾಗಿದೆ, ಇನ್ನೂ ಹನ್ನೊಂದು ಡಿಗ್ರಿ ಕೈಯಲ್ಲಿದೆ’ ಎನಿಸಿಕೊಂಡ ಜೋಡಣೆ ಇಲ್ಲಿ ಮಿತಿಯನ್ನು ಮುಟ್ಟಿ ವೇಗ ಇಳಿಸಿಕೊಳ್ಳುತ್ತದೆ. ವಿಮರ್ಶಕರು ಸುಳ್ಳು ಹೇಳಿದ್ದಾರೆಂದು ಇದರ ಅರ್ಥವಲ್ಲ. ಕೋಣೆಯ ಉಷ್ಣಾಂಶ ಹೇಳಿದ್ದರೆ ಅವರ ಕೆಲಸ ನ್ಯಾಯವಾಗಿದೆ, ಕೂಡಿಸುವ ಕೆಲಸ ಓದುಗರದು. ಹೇಳಿರದಿದ್ದರೆ ಆ 84 ಎಂಬ ಅಂಕಿಯಿಂದ ಯಾರಿಗೂ ಉಪಯೋಗವಿಲ್ಲ.

ಗಾಳಿಯ ತೂಕವೂ ಲೆಕ್ಕಕ್ಕೆ ಬರುತ್ತದೆ. ಹೈದರಾಬಾದ್ ಸಮುದ್ರಮಟ್ಟದಿಂದ 500 ಮೀಟರಿಗೂ ಎತ್ತರದಲ್ಲಿ, ದಖ್ಖನ್ ಪ್ರಸ್ಥಭೂಮಿಯ ಮೇಲಿದೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಬಿಸಿಯಾದಂತೆ ಇನ್ನೂ ತೆಳುವಾಗುತ್ತದೆ. ಸಮುದ್ರತೀರದ ಊರಿನ 22 ಡಿಗ್ರಿಯ ಕೋಣೆಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.2 ಕಿಲೋ ತೂಗಿದರೆ, ಹೈದರಾಬಾದಿನ 36 ಡಿಗ್ರಿಯ ಕೋಣೆಯಲ್ಲಿ ಅದು ಸುಮಾರು 1.07 ಕಿಲೋ. ಫ್ಯಾನು ಅದೇ ವೇಗದಲ್ಲಿ ತಿರುಗಿ ಅಷ್ಟೇ ಗಾತ್ರದ ಗಾಳಿ ತಳ್ಳಿದರೂ ಶಾಖ ಹೊತ್ತೊಯ್ಯುವ ಗಾಳಿ ಹತ್ತನೇ ಒಂದು ಪಾಲು ಕಡಿಮೆ. ಪೆಟ್ಟಿಗೆಯೊಳಗೆ 300 ವಾಟ್ ಶಾಖ ಹುಟ್ಟುತ್ತಿದ್ದು, ನಿಮಿಷಕ್ಕೆ ಒಂದು ಘನ ಮೀಟರ್ ಗಾಳಿ ಹಾದುಹೋಗುತ್ತಿದ್ದರೆ ಮೊದಲನೆಯ ಕೋಣೆಯಲ್ಲಿ ಹೊರಬರುವ ಗಾಳಿ ಒಳಹೋದದ್ದಕ್ಕಿಂತ 15 ಡಿಗ್ರಿ ಹೆಚ್ಚು ಬಿಸಿಯಾಗಿರುತ್ತದೆ, ಎರಡನೆಯ ಕೋಣೆಯಲ್ಲಿ 17 ಡಿಗ್ರಿಯ ಹತ್ತಿರ. ಅಲ್ಲಿ 37 ಡಿಗ್ರಿಯ ಗಾಳಿ ಹೊರಬಂದರೆ ಇಲ್ಲಿ 53 ಡಿಗ್ರಿಯದು ಬರುತ್ತದೆ. ದೊಡ್ಡ ಟವರಿನಲ್ಲಿ ಇನ್ನೆರಡು ಫ್ಯಾನು ಸೇರಿಸಿ ಇದನ್ನು ಸರಿದೂಗಿಸಬಹುದು. ಏಳೆಂಟು ಲೀಟರಿನ ಪೆಟ್ಟಿಗೆಯಲ್ಲಿ ಹೆಚ್ಚುವರಿ ಫ್ಯಾನು ಕೂರಿಸುವ ಜಾಗ ಇರುವುದು ವಿರಳ.

ಉಷ್ಣಾಂಶದ ಕೋಷ್ಟಕ ಇನ್ನೊಂದು ಬಗೆಯಲ್ಲೂ ಮೋಸಗೊಳಿಸುತ್ತದೆ. 2022ರಲ್ಲಿ ರೈಜನ್ 7000 ಬಂದಾಗ, ಭಾರೀ ಕೆಲಸದಲ್ಲಿ 95 ಡಿಗ್ರಿ ಮುಟ್ಟುವಂತೆಯೇ ಅದನ್ನು ರೂಪಿಸಿದ್ದೇವೆ ಎಂದು ಎಎಂಡಿ ತಿಳಿಸಿತು. ಇಂಥ ಪ್ರೊಸೆಸರನ್ನು ಒಳ್ಳೆಯ ಕ್ಯಾಬಿನೆಟ್ಟಿನಲ್ಲಿ ಹಾಕಿದರೂ 95, ಕೆಟ್ಟದ್ದರಲ್ಲಿ ಹಾಕಿದರೂ 95. ಒಳ್ಳೆಯದರಲ್ಲಿ ಅದು 95ರಲ್ಲೇ ಹೆಚ್ಚು ವಾಟ್ ಬಳಸಿ ಹೆಚ್ಚು ಕೆಲಸ ಮಾಡುತ್ತದೆ. ಕೆಟ್ಟದ್ದರಲ್ಲಿ ವಾಟನ್ನೂ ವೇಗವನ್ನೂ ಇಳಿಸಿ 95ರಲ್ಲಿ ನಿಲ್ಲುತ್ತದೆ. ಬರೀ ಡಿಗ್ರಿ ಬರೆದ ಕೋಷ್ಟಕದಲ್ಲಿ ಎರಡೂ ಸಮ. ಆದ್ದರಿಂದ ಡಿಗ್ರಿಯ ಪಕ್ಕದಲ್ಲಿ ವಾಟ್ ಅಥವಾ ಗಿಗಾಹರ್ಟ್ಸ್ ಇಲ್ಲದ ಕೋಷ್ಟಕವನ್ನು ತೀರ್ಪಿಗೆ ಆಧಾರ ಮಾಡಿಕೊಳ್ಳಬಾರದು. ಎಷ್ಟು ಹೊತ್ತು ಓಡಿಸಿದರು ಎಂಬುದೂ ಬೇಕು. ಲೋಹ, ನೀರು, ಹಲಗೆ ಎಲ್ಲ ಕಾದು ಒಂದು ಮಟ್ಟಕ್ಕೆ ನಿಲ್ಲಲು ಅರ್ಧ ಗಂಟೆಯಾದರೂ ಹಿಡಿಯುತ್ತದೆ. ಐದು ನಿಮಿಷದ ಪರೀಕ್ಷೆಯಲ್ಲಿ ಎಲ್ಲ ಪೆಟ್ಟಿಗೆಗಳೂ ತಣ್ಣಗಿರುತ್ತವೆ.

ಧೂಳನ್ನು ಅಳೆಯುವ ವಿಮರ್ಶೆ ತೀರಾ ಅಪರೂಪ. ಹೊಸ ಜಾಲರಿ, ಒರೆಸಿದ ಮೇಜು, ಒಂದು ವಾರದ ಪರೀಕ್ಷೆ ಇಷ್ಟರಲ್ಲಿ ಬಹುತೇಕ ವಿಮರ್ಶೆಗಳು ಮುಗಿಯುತ್ತವೆ. ಹೈದರಾಬಾದಿನ ಪಶ್ಚಿಮ ಭಾಗದಲ್ಲಿ ಬಂಡೆ ಒಡೆದು ಕಟ್ಟಡ ಏಳುವುದು ನಿಂತೇ ಇಲ್ಲ. ಕಿಟಕಿ ತೆರೆದ ಮನೆಯಲ್ಲಿ ಜಾಲರಿ ಬೇಗ ಕಟ್ಟಿಕೊಳ್ಳುತ್ತದೆ. ಕ್ಯಾಬಿನೆಟ್ಟಿನ ಜಾಲರಿ ಬೆರಳಲ್ಲಿ ಎಳೆದರೆ ಕಳಚಿ ಬರುತ್ತದೆಯೇ ಅಥವಾ ಎಂಟು ಸ್ಕ್ರೂ ಬಿಚ್ಚಬೇಕೇ ಎಂಬ ಒಂದು ಸಾಲು ಇಲ್ಲಿಯ ಓದುಗರಿಗೆ ಹತ್ತು ಕೋಷ್ಟಕಗಳಷ್ಟು ಬೆಲೆಬಾಳುತ್ತದೆ.

ಸದ್ದಿನ ವಿಷಯ ಇಷ್ಟು ಜಟಿಲವಲ್ಲ. ಡೆಸಿಬಲ್ ಅಂಕಿಗೆ ದೂರ ಬೇಕು. ಬಯಲಿನಲ್ಲಿ ದೂರ ಎರಡರಷ್ಟಾದರೆ 6 ಡೆಸಿಬಲ್ ಇಳಿಯುತ್ತದೆ. ಅರ್ಧ ಮೀಟರಿನಿಂದ ಅಳೆದ 40, ಒಂದು ಮೀಟರಿನಿಂದ ಅಳೆದ 34, ಎರಡೂ ಹತ್ತಿರ ಹತ್ತಿರ ಒಂದೇ ಸದ್ದು. ಫ್ಯಾನನ್ನು ಪೂರಾ ವೇಗದಲ್ಲಿ ಓಡಿಸಿ ‘ತಂಪು’ ಎಂದೂ, ನಿಧಾನಕ್ಕೆ ಓಡಿಸಿ ‘ನಿಶ್ಶಬ್ದ’ ಎಂದೂ ಬರೆದು ಎರಡು ಪದಕವನ್ನೂ ಒಂದೇ ಪೆಟ್ಟಿಗೆಗೆ ತೊಡಿಸುವುದುಂಟು. ಅಮೆರಿಕದ ಗೇಮರ್ಸ್ ನೆಕ್ಸಸ್‌ನಂಥ ವಿಮರ್ಶಕರು ಇದಕ್ಕೆ ಒಂದು ದಾರಿ ಹಿಡಿದಿದ್ದಾರೆ. ಎಲ್ಲ ಪೆಟ್ಟಿಗೆಗಳ ಸದ್ದನ್ನೂ ಒಂದೇ ಮಟ್ಟಕ್ಕೆ ತಂದು ನಿಲ್ಲಿಸಿ, ಆಗ ಯಾವುದು ಎಷ್ಟು ಬಿಸಿ ಎಂದು ನೋಡುತ್ತಾರೆ. ಇರುವ ವಿಧಾನಗಳಲ್ಲಿ ನ್ಯಾಯವಾದದ್ದು ಇದೇ. ಸೀಲಿಂಗ್ ಫ್ಯಾನು ಸದಾ ತಿರುಗುವ ಕೋಣೆಯಲ್ಲಿ 28 ಡೆಸಿಬಲ್ಲಿಗೂ 31ಕ್ಕೂ ಇರುವ ಅಂತರ ಕಿವಿಗೆ ಬೀಳುವುದಿಲ್ಲ ಎಂಬುದನ್ನು ಓದುಗರು ಸೇರಿಸಿಕೊಳ್ಳಬೇಕು.

ಎಲ್ಲ ಕೋಷ್ಟಕ ಸರಿಯಿದ್ದೂ ವಿಮರ್ಶೆ ಸೋಲಬಹುದು ಎಂಬುದಕ್ಕೆ ಎನ್‌ಜೆಡ್‌ಎಕ್ಸ್‌ಟಿ ಕಂಪನಿಯ ಎಚ್1 ಸಾಕ್ಷಿ. 2020ರ ಆರಂಭದಲ್ಲಿ ಬಂದ ಆ 13.6 ಲೀಟರಿನ ನಿಲುವು ಪೆಟ್ಟಿಗೆಯ ಬೆಲೆ ಆಗ 350 ಡಾಲರ್ ಇತ್ತು. 650 ವಾಟಿನ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಘಟಕ), ನೀರಿನ ಕೂಲರ್, ಗ್ರಾಫಿಕ್ಸ್ ಕಾರ್ಡನ್ನು ಮದರ್‌ಬೋರ್ಡಿಗೆ ಜೋಡಿಸುವ ರೈಸರ್ ಕೇಬಲ್ ಎಲ್ಲ ಒಳಗೇ ಇತ್ತು. ಹಾಗಾಗಿ ಬರೀ ಪೆಟ್ಟಿಗೆಯ ಬೆಲೆಯ ಜೊತೆ ಹೋಲಿಸಿ ‘ದುಬಾರಿ’ ಎಂದವರು ತಪ್ಪಿದ್ದರು. ಜೋಡಿಸುವುದು ಸುಲಭ, ನೋಡಲು ಚೆಂದ ಎಂದು ಅನೇಕರು ಹೊಗಳಿದರು. ಗ್ರಾಫಿಕ್ಸ್ ಕಾರ್ಡಿಗೆ ವಿದ್ಯುತ್ ಒಯ್ಯುವ ರೈಸರ್ ಫಲಕವನ್ನು ಪೆಟ್ಟಿಗೆಗೆ ಬಿಗಿದ ಲೋಹದ ಸ್ಕ್ರೂಗಳು ಫಲಕದ 12 ವೋಲ್ಟ್ ಪದರಕ್ಕೆ ತಗಲಿ ಶಾರ್ಟ್ ಸರ್ಕ್ಯೂಟ್ ಆಗಬಲ್ಲವು, ಬೆಂಕಿ ಹತ್ತಬಲ್ಲದು ಎಂಬುದು ಆರಂಭದ ವಿಮರ್ಶೆಗಳಲ್ಲಿ ಬರಲಿಲ್ಲ. ತಿಂಗಳುಗಳ ನಂತರ ಬಳಕೆದಾರರ ಮನೆಗಳಲ್ಲಿ ಅದು ಹೊರಬಿತ್ತು. ಕಂಪನಿ ಮೊದಲು ಲೋಹದ ಬದಲು ನೈಲಾನ್ ಸ್ಕ್ರೂ ಕಳಿಸಿತು. ಇದು ಸಾಲದು, ನಾಳೆ ಇದನ್ನು ಕೊಂಡ ಇನ್ನೊಬ್ಬರು ಗೊತ್ತಿಲ್ಲದೆ ಲೋಹದ ಸ್ಕ್ರೂ ಹಾಕಿದರೆ ಅಪಾಯ ಹಾಗೇ ಇರುತ್ತದೆ ಎಂದು ಗೇಮರ್ಸ್ ನೆಕ್ಸಸ್ ಪ್ರಯೋಗ ಮಾಡಿ ತೋರಿಸಿತು. 2021ರ ಫೆಬ್ರುವರಿಯಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಮೂಲಕ ಅಲ್ಲಿ ಸುಮಾರು 32,000 ಪೆಟ್ಟಿಗೆಗಳ ವಾಪಸಾತಿ ಪ್ರಕಟವಾಯಿತು, ರೈಸರ್ ಫಲಕವನ್ನೇ ಬದಲಿಸಿ ಕೊಡಬೇಕಾಯಿತು.

ಆರಂಭದಲ್ಲಿ ಹೊಗಳಿದವರು ಅಪ್ರಾಮಾಣಿಕರಾಗಿರಲಿಲ್ಲ. ಒಂದು ವಾರದ ಪರೀಕ್ಷೆಯಲ್ಲಿ ಆ ದೋಷ ಕಾಣುವಂಥದ್ದಲ್ಲ. ಅವರ ನ್ಯಾಯ ಗೊತ್ತಾಗುವುದು ಆಮೇಲೆ: ಹಳೆಯ ವಿಮರ್ಶೆಯ ತಲೆಯ ಮೇಲೆ ಎಚ್ಚರಿಕೆ ಸೇರಿಸಿದರೇ, ಶಿಫಾರಸು ಹಿಂತೆಗೆದುಕೊಂಡರೇ ಎಂಬುದರಲ್ಲಿ. ಹಳೆಯ ವಿಮರ್ಶೆ ಓದುವವರು ದಿನಾಂಕ ನೋಡಿ, ಆ ಪೆಟ್ಟಿಗೆಯ ಹೆಸರಿನ ಜೊತೆ ವಾಪಸಾತಿಯ ಸುದ್ದಿಯಿದೆಯೇ ಎಂದು ಹುಡುಕುವುದು ಒಳ್ಳೆಯದು. ರೈಸರ್ ಕೇಬಲ್ ಯಾವ ತಲೆಮಾರಿನದು ಎಂಬುದನ್ನೂ ನೋಡಬೇಕು. ಕಾರ್ಡು ಮದರ್‌ಬೋರ್ಡಿಗೆ ಸೇರುವ ಪಿಸಿಐಇ ಸಂಪರ್ಕಕ್ಕೂ ತಲೆಮಾರುಗಳಿವೆ. ಪಿಸಿಐಇ 3.0 ಕಾಲದ ಕೇಬಲ್ಲಿಗೆ 4.0 ಕಾರ್ಡು ಸಿಕ್ಕಿಸಿದರೆ ಪರದೆ ಮೂಡದೇ ಇರುವುದು, ನಡುವೆ ಕೈಕೊಡುವುದು ಉಂಟು. ಬಯಾಸ್‌ನಲ್ಲಿ ವೇಗ ಇಳಿಸಿದರೆ ಸರಿಹೋಗುತ್ತದೆ. ಇದನ್ನು ತಿಳಿಯದೆ ಕ್ಯಾಬಿನೆಟ್ಟಿಗೆ ಒಂದು ನಕ್ಷತ್ರ ಕೊಟ್ಟವರೂ ಇದ್ದಾರೆ.

ವಿಮರ್ಶಕರು ಪಡೆಯುವ ಹಣದ ಪ್ರಶ್ನೆಗೆ ಭಾರತದಲ್ಲಿ ಕಾನೂನಿನ ಉತ್ತರವಿದೆ. ಕಂಪನಿ ಪುಕ್ಕಟೆ ಕಳಿಸಿದ ಪೆಟ್ಟಿಗೆಯನ್ನು ವಿಮರ್ಶಿಸುವುದು ಈ ವಲಯದ ರೂಢಿ. ಅಷ್ಟರಿಂದಲೇ ವಿಮರ್ಶೆ ಕೆಡುವುದಿಲ್ಲ, ಆದರೆ ಅದನ್ನು ಹೇಳಲೇಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2020ರ ಜುಲೈನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಸ್ಥಾಪನೆಯಾಯಿತು. 2022ರ ಜೂನ್‌ನ ಪ್ರಾಧಿಕಾರದ ಮಾರ್ಗಸೂಚಿ ಮತ್ತು 2023ರ ಜನವರಿಯ ಸರ್ಕಾರಿ ಕೈಪಿಡಿಯ ಪ್ರಕಾರ ಹಣ, ಉಡುಗೊರೆ, ಪುಕ್ಕಟೆ ಸರಕು ಪಡೆದು ವಸ್ತುವನ್ನು ಹೊಗಳುವವರು ಅದನ್ನು ಸರಳ ಮಾತಿನಲ್ಲಿ, ಎದ್ದು ಕಾಣುವಂತೆ ತಿಳಿಸಬೇಕು. ದಾರಿತಪ್ಪಿಸುವ ಪ್ರಚಾರಕ್ಕೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಮಾರಾಟಗಾರರೇ ಗ್ರಾಹಕರ ಸೋಗಿನಲ್ಲಿ ವಿಮರ್ಶೆ ಬರೆಯುವುದನ್ನು 2020ರ ಇ-ವಾಣಿಜ್ಯ ನಿಯಮಗಳು ನಿಷೇಧಿಸಿವೆ. ಭಾರತೀಯ ಮಾನಕ ಬ್ಯೂರೋ 2022ರ ನವೆಂಬರ್‌ನಲ್ಲಿ ಆನ್‌ಲೈನ್ ವಿಮರ್ಶೆಗಳಿಗಾಗಿಯೇ ಐಎಸ್ 19000 ಎಂಬ ಮಾನಕ ಹೊರಡಿಸಿತು. ಬರೆದವರು ನಿಜವಾದ ವ್ಯಕ್ತಿಗಳೇ ಎಂದು ಪರಿಶೀಲಿಸುವುದು, ಕೆಟ್ಟ ವಿಮರ್ಶೆಗಳನ್ನು ಅಡಗಿಸದಿರುವುದು ಅದರ ತಿರುಳು. ಅದು ಸ್ವಯಂಪ್ರೇರಿತ ಮಾನಕವಾಗಿ ಜಾರಿಗೆ ಬಂತು.

ಆದರೂ ಹಣಕ್ಕಿಂತ ಸಾಮಾನ್ಯವಾದ ಅನ್ಯಾಯ ಅವಸರದ್ದು. ಮಾರುವ ತಾಣಗಳ ನಕ್ಷತ್ರಗಳಲ್ಲಿ ಇದನ್ನು ಕಾಣಬಹುದು. ಐದು ನಕ್ಷತ್ರ ಕೊಟ್ಟ ಬಹಳ ಮಂದಿ ಪೆಟ್ಟಿಗೆ ಬಂದ ದಿನವೇ, ಏನನ್ನೂ ಜೋಡಿಸದೆ ಬರೆದಿರುತ್ತಾರೆ. ಒಂದು ನಕ್ಷತ್ರ ಕೊಟ್ಟವರ ದೂರು ಎಷ್ಟೋ ಸಲ ಕೊರಿಯರ್‌ನಲ್ಲಿ ಒಡೆದ ಗಾಜಿನದು, ಅಥವಾ ಮಾಮೂಲಿ ಎಟಿಎಕ್ಸ್ ಎಸ್‌ಎಂಪಿಎಸ್ ಹಿಡಿಯಲಿಲ್ಲ ಎಂಬುದು. ಎಸ್‌ಎಫ್‌ಎಕ್ಸ್ ಎಸ್‌ಎಂಪಿಎಸ್ಸಿನ ಅಳತೆ 125 × 63.5 × 100 ಮಿಲಿಮೀಟರ್. ಎಟಿಎಕ್ಸ್ ಎಂಬುದು 150 × 86 × 140. ಅದು ಹಿಡಿಯದಿರುವುದು ದೋಷವಲ್ಲ, ವಿನ್ಯಾಸವೇ ಹಾಗೆ. ಎರಡು ಮೂರು ನಕ್ಷತ್ರ ಕೊಟ್ಟು, ಯಾವ ಕಾರ್ಡು ಎಷ್ಟು ಮಿಲಿಮೀಟರಿನಲ್ಲಿ ತಾಗಿತು ಎಂದು ಬರೆದವರ ಮಾತಿನಲ್ಲಿ ಕೊಳ್ಳುವವರಿಗೆ ಬೇಕಾದದ್ದು ಸಿಗುತ್ತದೆ. ಸುಳ್ಳು ವಿಮರ್ಶೆ ನಂಬಿ ಕೈಸುಟ್ಟುಕೊಂಡವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ದಖ್ಖನ್ ಬೇಸಗೆಯಲ್ಲಿ ಅಳೆದ ವಿಮರ್ಶೆಗಳು ಇನ್ನೂ ಬಹಳ ಕಡಿಮೆ. ಅವನ್ನು ಹೊರಗಿನವರು ಬರೆದುಕೊಡುವುದಿಲ್ಲ. ಹೈದರಾಬಾದ್, ಬೀದರ್, ಕಲಬುರಗಿ, ರಾಯಚೂರುಗಳಲ್ಲಿ ಸಣ್ಣ ಕ್ಯಾಬಿನೆಟ್ ಕೊಂಡವರು ನಕ್ಷತ್ರ ಒತ್ತಿ ಸುಮ್ಮನಾಗದೆ, ಕೋಣೆಯ ಉಷ್ಣಾಂಶ, ಒಳಗಿರುವ ಬಿಡಿಭಾಗ, ಓಡಿಸಿದ ಹೊತ್ತು, ಪ್ರೊಸೆಸರಿನ ಡಿಗ್ರಿ ಮತ್ತು ವಾಟ್, ಜಾಲರಿ ಕಟ್ಟಿಕೊಳ್ಳಲು ಹಿಡಿದ ದಿನ ಇಷ್ಟನ್ನು ಬರೆಯಬೇಕು. ಸಾಧ್ಯವಾದರೆ ಮೇ ತಿಂಗಳಲ್ಲೇ ಅಳೆದು ಬರೆಯಬೇಕು.